ಬಾಯಿಯವರ ಉಡಿ

ದುಧನಿಯಿಂದ ಒಳಗೆ, ಕರ್ನಾಟಕದ ಗಡಿಗೆ ಮರಾಠಿ ಸೀಮೆಯ ಕಡೆಯಿಂದ ಅಂಟಿಕೊಂಡ ಊರಲ್ಲಿ ನಮ್ಮ ಕನ್ನಡ ಶಾಲೆ. ನಾಲ್ಕು ತರಗತಿಗೆ ಇಬ್ಬರೇ ಶಿಕ್ಷಕರು, ನಾನು ಮತ್ತು ಬಾಯಿಯವರು. ಶಿಕ್ಷಕಿಗೆ ಬಾಯಿ ಎನ್ನುವುದೇ ನಮ್ಮ ಕಡೆಯ ರೂಢಿ. ಅವರು ಸೋಲಾಪುರದಿಂದ ರೈಲಿಗೆ ಬಂದು, ದುಧನಿಯಲ್ಲಿಳಿದು, ಯಾರದಾದರೂ ಟಂಟಂ ಆಟೋ ಹಿಡಿದು ಶಾಲೆ ಮುಟ್ಟುತ್ತಿದ್ದರು. ಒಂದನೇ ತರಗತಿಯ ಮಕ್ಕಳು ಅವರ ಸೆರಗು ಬಿಡುತ್ತಿರಲಿಲ್ಲ.

ಅವರು ಹೋದರೆ ಆ ಜಾಗಕ್ಕೆ ಇನ್ನೊಬ್ಬರು ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಕನ್ನಡ ಕಲಿಸುವವರೇ ಸಿಗುತ್ತಿಲ್ಲವೆಂದು ಮೇಲಿನವರು ಆಗಲೇ ಕೈತೊಳೆದುಕೊಂಡಿದ್ದರು. ಒಬ್ಬನೇ ಮಾಸ್ತರನಿರುವ ಶಾಲೆಗೆ ಮಕ್ಕಳನ್ನು ಯಾರು ಕಳಿಸುತ್ತಾರೆ? ಕೂಗಳತೆಯಲ್ಲಿ ಮರಾಠಿ ಶಾಲೆಯಿದೆ.

ಬೇರೆ ಶಾಲೆಗೆ ಬದಲಿಯ ಅರ್ಜಿ ಹಾಕುವ ಕಾಲ ಬಂತು. ಒಂದು ಮಧ್ಯಾಹ್ನ ಅವರು ಊಟದ ಡಬ್ಬಿ ಮುಚ್ಚಿ ಹೇಳಿದರು, “ಸರ, ನಮ್ಮ ಮನಿ ಹತ್ರ, ಕಂದಲಗಾಂವ ಕಡಿ ಜಾಗಾ ಖಾಲಿ ಅದಂತ್ರಿ. ಅರ್ಜಿ ಹಾಕಬೇಕಂತೀನಿ. ಈ ಪೋರಗೋಳ ಮಾರಿ ನೋಡಿದ್ರ ಕೈ ಬರವಲ್ದು.”

“ಇಲ್ಲೇನ ತ್ರಾಸ್ ಅದರಿ?” ಎಂದೆ, ಗೊತ್ತಿಲ್ಲದವನ ಹಾಗೆ.

“ಕಲಸಾಕ ಬಂದಾಕಿ ನಾ. ಕಲಸೂದ ಆಗವಲ್ದು. ಪೋರಗೋಳ ಊಟದ ಖಿಚಡಿ ಫೋಟೋ ಹಾಕು, ಮಾಹಿತಿ ಕಳಸು, ಟ್ರೇನಿಂಗಿಗೆ ಹೋಗು. ಅಲ್ಲಿ ಪೂರಾ ಮರಾಠಿ. ಮನಿ ಮುಟ್ಟೂದ್ರಾಗ ನನ್ನ ಮಗಳು ಮಲಗಿರ್ತಾಳ್ರಿ.”

ಒಂದು ಮಾತೂ ಸುಳ್ಳಲ್ಲ. ಅದಕ್ಕೇ ಸಿಟ್ಟು ಬಂತು. ಸುಳ್ಳಾಗಿದ್ದರೆ ಜಗಳವನ್ನಾದರೂ ಮಾಡಬಹುದಿತ್ತು.

ಆಗ ನನ್ನ ತಲೆ ಓಡಿತು. ಮಕ್ಕಳ ತಾಯಂದಿರನ್ನು ಕೂಡಿಸಿ, ಬಾಯಿಯವರಿಗೆ ಉಡಿ ತುಂಬಿರಿ, ಅವರು ಈ ಊರಿನ ಮಗಳು ಅನ್ನಿಸಬೇಕು ಎಂದೆ. ಬಿಟ್ಟುಹೋಗುವ ಮಾತಿದೆಯೆಂದು ಮಾತ್ರ ಬಾಯಿ ಬಿಡಲಿಲ್ಲ. ಅಷ್ಟು ಪ್ರೀತಿ ಕಂಡ ಮೇಲೆ ಯಾರಿಗೆ ಬಿಟ್ಟುಹೋಗಲು ಮನಸ್ಸಾದೀತು ಎಂಬುದು ನನ್ನ ಲೆಕ್ಕ.

ಶುಕ್ರವಾರ ಹೆಂಗಸರು ಬಂದರು. ಶಾಲೆಯ ಕಟ್ಟೆಯ ಮೇಲೆ ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಹಚ್ಚಿ, ಅಕ್ಕಿ, ತೆಂಗಿನಕಾಯಿ, ಖಣ ಉಡಿಗೆ ಹಾಕಿದರು. ಒಂದನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನೂ ಕಟ್ಟಿಕೊಟ್ಟಳು. ಬಾಯಿಯವರು ಬಿಕ್ಕಿ ಬಿಕ್ಕಿ ಅತ್ತರು. ಕೆಲಸವಾಯಿತೆಂದು ನಾನು ಹಿಗ್ಗಿದೆ.

ಸೋಮವಾರ ಅವರು ಹಗುರಾದ ಮುಖ ಹೊತ್ತು ಬಂದರು. “ಸರ, ಅರ್ಜಿ ಹಾಕಿದ್ನಿರಿ.”

“ಉಡಿ ತುಂಬಿಸ್ಕೊಂಡು?”

“ಉಡಿ ತುಂಬಿದ್ರಂತನ ಹಾಕಿದ್ನಿ. ಬುತ್ತಿ ಸುದ್ದಾ ಕಟ್ಟಿ ಕೊಟ್ರು. ಊರಾನವರ ಮನಸ ತುಂಬಿ ಕಳಸಾಕತ್ಯಾರ, ನಾ ಯಾಕ ಅಂಜಬೇಕು ಅನಸ್ತು.”

ನಾನು ಉರಿದುಕೊಂಡು ಅಜ್ಜಿಯ ಮನೆಗೆ ಹೋದೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಡದೆಯೇ ಉತ್ತರಿಸಿದಳು.

“ನೀವ ಅಂದ್ರಲ್ರಿ ಮಾಸ್ತರ, ಊರ ಮಗಳು ಅಂತ. ಮಗಳಿಗೆ ಉಡಿ ತುಂಬಿ ಬುತ್ತಿ ಕಟ್ಟೂದು ಗಂಡನ ಮನಿಗೆ ಕಳಸೂಮುಂದ. ಬಾಯಿಯವರು ಹೊಂಟಾರಂತ ನಾವು ತಿಳದ್ವಿ.”

ನನ್ನ ಮಗಳನ್ನೂ ಹೀಗೆಯೇ ಕಳಿಸಿದ್ದೆ. ಹೊಸ್ತಿಲಲ್ಲಿ ನಿಂತು ಕಣ್ಣೊರೆಸಿಕೊಂಡಿದ್ದೆ. ಅದು ತಲೆಗೆ ಹೊಳೆಯದ ನನಗೆ ಏನೆನ್ನಬೇಕು?

ಬದಲಿ ಆಯಿತು, ಬಾಯಿಯವರು ಹೋದರು. ಬೇಸಿಗೆ ರಜೆ ಮುಗಿದು ಶಾಲೆ ತೆರೆದಾಗ ಅವರ ಜಾಗಕ್ಕೆ ಯಾರೂ ಬರಲಿಲ್ಲ. ನಾಲ್ಕೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿದೆ. ದೊಡ್ಡವರಿಗೆ ಭಾಗಾಕಾರ ಹೇಳುವಾಗ ಸಣ್ಣವರು ಹೊಡೆದಾಡುತ್ತಿದ್ದರು. ಸಣ್ಣವರ ಕೈ ಹಿಡಿದು ತಿದ್ದಿಸುವಾಗ ಖಿಚಡಿಯ ಫೋಟೋ ಎಲ್ಲಿ ಎಂದು ಫೋನು ಬರುತ್ತಿತ್ತು. ಸಭೆಗೆ ಅಕ್ಕಲಕೋಟೆಗೆ ಕರೆದ ದಿನ ಶಾಲೆಗೆ ಬೀಗ. ಸಂಜೆ ಖಾಲಿ ಕೋಣೆಯಲ್ಲಿ ಕುಳಿತು ಅತ್ತಿದ್ದೇನೆ. ಇಷ್ಟು ವರ್ಷ ಪ್ರೀತಿಸಿದ ಕೆಲಸ ಅದು, ಬೆಳಗಾದರೆ ಶಾಲೆಯ ಬೀಗ ತೆಗೆಯಲು ಮನಸ್ಸಾಗುತ್ತಿರಲಿಲ್ಲ. ನನಗೂ ಬದಲಿ ಸಿಕ್ಕೀತೇ ಎಂದು ಪರಿಚಯದವರಲ್ಲಿ ಕೇಳಿಯೂ ಇದ್ದೆ.

ಒಂದು ದಿನ ಆ ಅಜ್ಜಿ ಮೊಮ್ಮಗಳ ಕೈ ಹಿಡಿದು ಬಂದಳು. “ಸಾಲಿ ಬಿಟ್ಟ ದಾಖಲಾ ಕೊಡ್ರಿ ಮಾಸ್ತರ. ಮರಾಠಿ ಸಾಲಿಗೆ ಹಾಕತೀವಿ.”

“ಇದೊಂದು ವರ್ಷ ತಡೀಬೇ. ಮನಿ ಮಾತು ಕನ್ನಡ, ಕೂಸಿಗೆ ಅಲ್ಲಿ ಏನ್ ತಿಳದೀತು?” ಎಂದು ಅಂಗಲಾಚಿದೆ.

ಅಜ್ಜಿ ನನ್ನನ್ನೇ ನೋಡಿದಳು. “ನೀವರೆ ಇರ್ತೀರೇನ್ರಿ? ಇರ್ತೀನಿ ಅನ್ರಿ, ಹುಡುಗಿನ್ನ ಇಲ್ಲೇ ಕುಂಡ್ರಿಸಿ ಹೋಗ್ತೀನಿ.”

ಮೇಜಿನ ಖಾನೆಯಿಂದ ಪುಸ್ತಕ ತೆಗೆದೆ. ಹುಡುಗಿಯ ದಾಖಲೆ ಬರೆಯಲು ಕುಳಿತೆ.