ನಾಲ್ಕನೆಯ ಕಂಬದ ಗೋಣಿತಟ್ಟು

ಶಹಾಬಾದಿನ ಕಡೆ ಹುಟ್ಟಿ ಬೆಳೆದವರಿಗೆ ಕಲ್ಲಿನ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದೇನೂ ಇಲ್ಲ. ಆಗ, ಅಂದರೆ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇದ್ದ ಕಾಲಕ್ಕೆ, ನಮಗೆ ನೆಲವೂ ಕಲ್ಲು, ಗೋಡೆಯೂ ಕಲ್ಲು, ಮಾಳಿಗೆಯೂ ಕಲ್ಲು. ಬಟ್ಟೆ ಒಗೆಯುವುದು ಕಲ್ಲಿನ ಮೇಲೆ, ಕೋಳಿಗೆ ನೀರಿಡುವುದು ಕಲ್ಲಿನ ದೋಣಿಯಲ್ಲಿ. ಬೇರೆ ಊರಿನವರು ಮುಳ್ಳಿನ ಬೇಲಿ ಹಾಕಿದರೆ ನಾವು ಎದೆಮಟ್ಟದ ಫರಸಿಗಳನ್ನು, ಅಂದರೆ ಚಪ್ಪಟೆ ಹಾಸುಗಲ್ಲುಗಳನ್ನು, ಸಾಲಾಗಿ ನಿಲ್ಲಿಸಿ ಅದನ್ನೇ ಬೇಲಿ ಎನ್ನುತ್ತಿದ್ದೆವು. ಮಣ್ಣು ಹಂಚುವಾಗ ಮಾತ್ರ ದೇವರು ನಮ್ಮ ಓಣಿಯನ್ನು ಮರೆತಿದ್ದ. ಅಂಗಳದಲ್ಲಿ ಒಂದು ಗೇಣು ಅಗೆದರೆ ಹಾರೆ ಠಣ್ ಎನ್ನುತ್ತಿತ್ತು. ಅಂಥ ಅಂಗಳದಲ್ಲಿ ನಾವು ಒಂದು ವರ್ಷ ಬಳ್ಳಿ ಹಚ್ಚಿದೆವು. ಹಚ್ಚಿದ್ದು ಚಂದಕ್ಕಲ್ಲ, ಅಪ್ಪನಿಗೆ ನೆರಳು ಬೇಕಾಗಿತ್ತು.

ಅಪ್ಪ ಕಲ್ಲಿನ ಖಣಿಯಲ್ಲಿ ಫರಸಿಯ ಅಂಚು ತಿದ್ದುವವನು. ಉಳಿ, ಸುತ್ತಿಗೆ ಹಿಡಿದು ದಿನವಿಡೀ ಕುಕ್ಕರಗಾಲಿನಲ್ಲಿ ಕೂತು, ಕಲ್ಲಿನ ಪುಡಿಯನ್ನೇ ಉಸಿರಾಡಿ, ನಾನು ನಾಲ್ಕನೆಯ ಇಯತ್ತೆಗೆ ಬರುವಷ್ಟರಲ್ಲಿ ಮನೆ ಹಿಡಿದಿದ್ದ. ಹತ್ತು ಹೆಜ್ಜೆ ನಡೆದರೆ ದಮ್ಮು ಏರುತ್ತಿತ್ತು. ಆಗ ಎರಡೂ ಕೈ ಮೊಳಕಾಲಿಗೆ ಊರಿ, ಬಾಯಿ ತೆರೆದು, ಯಾರ ಮುಖವನ್ನೂ ನೋಡದೆ ಉಸಿರಿಗಾಗಿ ಕಾಯುತ್ತಿದ್ದ. ದವಾಖಾನೆಯ ಡಾಕ್ಟರು, "ಧೂಳು ತಾಗಿಸಬ್ಯಾಡ್ರಿ, ಗಾಳ್ಯಾಗ ಮಲಗಿಸ್ರಿ" ಎಂದು ಹೇಳಿ ಕಳಿಸಿದ್ದರು. ಅಪ್ಪ ಬಿಟ್ಟ ಖಣಿಗೆ ಅವ್ವ ಹೋಗತೊಡಗಿದಳು, ಕಲ್ಲಿನ ಚೂರು ತುಂಬಿದ ಬುಟ್ಟಿ ಹೊರಲಿಕ್ಕೆ.

ಚಳಿಗಾಲ ಹೇಗೋ ಸಾಗಿತು. ಅವ್ವನಿಗೆ ಹೆದರಿಕೆ ಇದ್ದದ್ದು ಬೇಸಿಗೆಯದು. ನಮ್ಮ ಮಾಳಿಗೆಯ ಕಲ್ಲು ಹೋಳಿಯಿಂದಲೇ ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು, ಒಳಗೆ ಆರೋಗ್ಯವಂತರಿಗೇ ಉಸಿರು ಕಟ್ಟುತ್ತಿತ್ತು. ಹೊರಗೆ ಮಲಗಿಸೋಣವೆಂದರೆ ಒಂದು ಗಿಡ ಇಲ್ಲ. ಹಿಂದಿನ ವರ್ಷ ಕಣಕಿಯ, ಅಂದರೆ ಜೋಳದ ಒಣದಂಟಿನ, ಚಪ್ಪರ ಹಾಕಿ ನೋಡಿದ್ದೆವು. ಗಾಳಿ ಬೀಸಿದಾಗೊಮ್ಮೆ ಒಣಗಿದ ಕಣಕಿಯ ಧೂಳು ಅಪ್ಪನ ಮೇಲೆ ಉದುರಿ, ಕೆಮ್ಮಿ ಕೆಮ್ಮಿ ರಕ್ತ ಬಂದು, ಅವ್ವ ಅದನ್ನು ಕಿತ್ತು ಒಲೆಗೆ ಹಾಕಿದ್ದಳು. ಈ ಸಲ ಹಸಿರು ಚಪ್ಪರವೇ ಆಗಬೇಕು ಎಂದು ಸಂಕ್ರಾಂತಿಯ ಮರುದಿನ ಮಾತು ತೆಗೆದವಳೂ ಅವಳೇ.

ಯಾವ ಬಳ್ಳಿ ಎಂಬುದಕ್ಕೆ ಒಂದು ಸಂಜೆ ಪೂರ್ತಿ ಚರ್ಚೆಯಾಯಿತು. ಪಕ್ಕದ ಮನೆಯ ಮಹಬೂಬಿ ಖಾಲಾ ಬೀಜದ ಗಂಟು ತಂದು ಅಪ್ಪ ಮಲಗುವ ಹೊರಸಿನ ಮೇಲೆ ಬಿಚ್ಚಿದಳು. ಭಂಕೂರಿನ ದಾರಿಯಲ್ಲಿ ಅವಳಿಗೆ ಒಂದು ತುಂಡು ಹೊಲವಿತ್ತು. ಕಾಯಿಪಲ್ಯ ಬೆಳೆದು ತಲೆಯ ಮೇಲೆ ಹೊತ್ತು ಮಾರುವವಳು, ಬಳ್ಳಿಯ ವಿಷಯದಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಆದರೂ ನಾವು ಎದುರಾಡಿದೆವು.

"ಹೀರಿ ಹಚ್ಚೋಣು, ಪಲ್ಯೆನಾದ್ರೂ ಆಗ್ತದ" ಎಂದಳು ಅವ್ವ.

"ಹೀರಿ ತಿನ್ಲಾಕ ಛಲೋ. ನಾಕು ಕಾಯಿ ಕೊಟ್ಟು ಎಲಿ ಒಣಗಿಸ್ಕೊಂಡು ಕುಂದರ್ತದ" ಎಂದ ಅಪ್ಪ.

ನಾನು ಸುಮ್ಮನಿರುವ ಹುಡುಗಿಯಾಗಿರಲಿಲ್ಲ. "ಗಜಗದ ಬಳ್ಳಿ ಹಚ್ಚೋಣು ಅಪ್ಪಾ" ಎಂದೆ. ಗಜಗ ಎಂದರೆ ಗೋಲಿಯಷ್ಟು ದಪ್ಪದ ಬೂದುಬಣ್ಣದ ಬೀಜ. ಐದನ್ನು ಮೇಲೆ ತೂರಿ ಮುಂಗೈ ಮೇಲೆ ಹಿಡಿಯುವ ಆಟ ನಮ್ಮ ಶಾಲೆಯ ಹುಡುಗಿಯರಿಗೆ ಊಟಕ್ಕಿಂತ ಹೆಚ್ಚು. ಆದರೆ ಅದರ ಬಳ್ಳಿಗೆ ಮೈತುಂಬ ಮುಳ್ಳು.

ಅಪ್ಪ ನಕ್ಕ. "ಆಡ್ಲಾಕ ನಿನಗ ಗಜಗ ಬೀಳ್ತಾವ, ಮುಳ್ಳು ನನ್ನ ಮ್ಯಾಲ ಬೀಳ್ತಾವ. ಭಾಳ ಶಾಣ್ಯಾಕಿ ಇದ್ದಿ." ನಗು ಕೆಮ್ಮಿಗೆ ತಿರುಗಿತು. ಅವ್ವ ನನ್ನ ತಲೆಗೊಂದು ಮೊಟಕಿದಳು.

"ಸೋರಿ ಹಚ್ರಿ ಅಣ್ಣಾ" ಎಂದಳು ಖಾಲಾ, ಅವನ ಕೆಮ್ಮು ನಿಂತ ಮೇಲೆ. "ಎಲಿ ಅಂದ್ರ ಮೊರದಷ್ಟು. ಹೋಳಿ ಹುಣ್ಣಿಮಿಗಿ ಚಪ್ಪರ ಏರ್ತದ, ಯುಗಾದಿಗಿ ಕೆಳಗ ಕುಂತವ್ರಿಗಿ ಆಕಾಶ ಕಾಣಂಗಿಲ್ಲ."

ಅದೇ ನಿಶ್ಚಯವಾಯಿತು. ನಾನು ಮಾತ್ರ ಮಲ್ಲಿಗೆ ಬೇಕೆಂದು ಹಟ ಹಿಡಿದೆ.

"ಮಲ್ಲಿಗಿ ಎರಡು ವರ್ಷ ಕಾಯಿಸ್ತದ" ಎಂದ ಅಪ್ಪ.

"ಕಾಯ್ತೀನಿ."

ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. "ಹಾಂ, ನೀ ಕಾಯಬಹುದು" ಎಂದ. ಒಂದು ಕಂಬಕ್ಕೆ ಮಲ್ಲಿಗೆ, ಉಳಿದ ಮೂರಕ್ಕೆ ಸೋರೆ ಎಂದು ತೀರ್ಪಾಯಿತು. ನಾನು ಗೆದ್ದೆನೆಂದು ಕುಣಿದೆ. ಅವನ ಮಾತಿನ ಅರ್ಥ ತಿಳಿಯಲು ಎರಡು ತಿಂಗಳು ಹಿಡಿಯಿತು.

ಅವ್ವ ಖಣಿಯಿಂದ ಬಂದು, ಕೈಕಾಲು ತೊಳೆಯದೆ ಹಾರೆ ಹಿಡಿದು, ವಾರಪೂರ್ತಿ ನಾಲ್ಕು ಗುಂಡಿ ತೋಡಿದಳು. ಖಾಲಾಳ ಹೊಲದ ಎರೆಮಣ್ಣನ್ನು ನಾನೂ ಅವ್ವನೂ ಬುಟ್ಟಿಯಲ್ಲಿ ಹೊತ್ತು ತಂದೆವು. ಆ ಮಣ್ಣಿಗೆ ನೀರು ಬಿದ್ದಾಗ ಎದ್ದ ವಾಸನೆ ನಮ್ಮ ಅಂಗಳಕ್ಕೆ ಹೊಸದು. ಕಂಬಕ್ಕೆ ಕಟ್ಟಿಗೆ ಹುಡುಕುವುದು ಬೇಡ ಎಂದ ಅಪ್ಪ. ಅಂಚು ಮುರಿದು ಯಾರಿಗೂ ಬೇಡವಾದ ಉದ್ದನೆಯ ಫರಸಿಗಳು ಹಿತ್ತಲಿನಲ್ಲಿ ಬಿದ್ದಿದ್ದವು, ಅವನ್ನೇ ನಿಲ್ಲಿಸಿದೆವು. ಮೇಲಿನ ಜಾಳಿಗೆಗೆ ಹೊರಸಿನ ಮೇಲೆ ಕೂತು ಪುಂಡಿನಾರಿನ ಹಗ್ಗ ಹೊಸೆದುಕೊಟ್ಟ. ತೊಡೆಯ ಮೇಲೆ ನಾರು ಉರುಳಿಸುವಾಗ ಅವನ ಮುಖದಲ್ಲಿ ಕೆಲಸಗಾರನ ಕಳೆ ಮರಳಿ ಬಂದಿತ್ತು.

ಖಾಲಾ ಬಂದು ಕಂಬ ನೋಡಿ ತಲೆ ಅಲ್ಲಾಡಿಸಿದಳು. "ಇಷ್ಟು ದಿನ ಕಲ್ಲಿನ್ ಕೆಲಸ ಮಾಡೀರಿ, ಕಲ್ಲು ಕಾಯ್ತದ ಅಂಬೋದು ಮರ್ತೀರಿ ಅಣ್ಣಾ. ಮಧ್ಯಾಹ್ನ ಕುಡಿ ತಾಗಿದ್ರ ಸುಟ್ಟು ಹೋಗ್ತದ." ಅದಕ್ಕೆ ಉಪಾಯವನ್ನೂ ಅವಳೇ ಹೇಳಿದಳು. ಕಂಬಗಳಿಗೆ ಗೋಣಿತಟ್ಟು ಸುತ್ತಬೇಕು, ಬಳ್ಳಿ ಮೇಲಿನ ಹಗ್ಗ ಹಿಡಿಯುವವರೆಗೆ ದಿನಕ್ಕೆ ಎರಡು ಸಲ ಅದನ್ನು ತೋಯಿಸಬೇಕು. ಮುಂಜಾನೆಯದು ತಪ್ಪಿದರೆ ನಡೆದೀತು, ಮಧ್ಯಾಹ್ನದ್ದು ತಪ್ಪಕೂಡದು.

ಆ ಕೆಲಸ ನನ್ನದಾಯಿತು. ಊಟದ ಬಿಡುವಿಗೆ ಶಾಲೆಯಿಂದ ಓಡಿ ಬಂದು, ದೋಣಿಯ ನೀರನ್ನು ಚರಗಿಯಲ್ಲಿ ತುಂಬಿ, ನಾಲ್ಕೂ ತಟ್ಟು ತೋಯಿಸಿ ಓಡುತ್ತಿದ್ದೆ. ಮಲ್ಲಿಗೆ ಇನ್ನೂ ಗೇಣುದ್ದವೂ ಇರಲಿಲ್ಲ, ಅದರ ಕಂಬ ತೋಯಿಸುವ ಅಗತ್ಯವೇ ಇರಲಿಲ್ಲ. ಆದರೂ ನಾನು ಮೊದಲು ಅದನ್ನೇ ತೋಯಿಸುತ್ತಿದ್ದೆ, ಅದಕ್ಕೆ ಬೇಸರವಾಗಬಾರದೆಂದು. ತೋಯ್ದ ಗೋಣಿಯಿಂದ ಹಳೆಯ ಜೋಳದ ವಾಸನೆ ಬರುತ್ತಿತ್ತು. ಸೋರೆಯ ಕುಡಿ ಬೆರಳಿನಂತೆ ತಟ್ಟನ್ನು ಹಿಡಿದು ಏರುತ್ತಿತ್ತು. ಪ್ರತಿ ಸೋಮವಾರ ಅಪ್ಪ ನನ್ನ ಪಾಟಿಯ ಬಳಪ ಇಸಿದುಕೊಂಡು, ಹೊರಸಿನ ಪಕ್ಕದ ಕಂಬದಲ್ಲಿ ತಟ್ಟು ಮುಚ್ಚದೆ ಬಿಟ್ಟ ಅಂಚಿನ ಮೇಲೆ ಬಳ್ಳಿ ಎಲ್ಲಿಗೆ ಬಂತೆಂದು ಒಂದು ಗೀಟು ಎಳೆಯುತ್ತಿದ್ದ. ಆಮೇಲೆ ಗೀಟಿನಿಂದ ಮೇಲಿನ ಹಗ್ಗದವರೆಗೆ ಕಣ್ಣಲ್ಲೇ ಅಳೆಯುತ್ತಿದ್ದ. ಅವನು ಅಷ್ಟು ಆಸೆಯಿಂದ ಏನನ್ನೂ ನೋಡಿದ್ದನ್ನು ನಾನು ಕಂಡಿರಲಿಲ್ಲ.

ಹೋಳಿಗೆ ಎಂಟು ದಿನವಿತ್ತು. ಬಳ್ಳಿ ಹಗ್ಗ ಮುಟ್ಟಲು ಮೊಳದಷ್ಟು ಉಳಿದಿತ್ತು. ಆ ದಿನ ಬಿಡುವಿನಲ್ಲಿ ಶಾಲೆಯ ಕಟ್ಟೆಯ ಮೇಲೆ ಗಜಗದಾಟ ನಡೆದಿತ್ತು, ನಾನು ಗೆಲ್ಲುತ್ತಿದ್ದೆ. ಎಂದೂ ಗೆಲ್ಲದವಳು ಆವತ್ತು ಹದಿಮೂರು ಗಜಗ ಗೆದ್ದೆ. ಇನ್ನೊಂದು ಆಟ, ಇನ್ನೊಂದೇ ಆಟ ಎನ್ನುತ್ತಿರುವಾಗ ಗಂಟೆ ಬಾರಿಸಿತು. ಗೋಣಿತಟ್ಟು ನೆನಪಿಗೆ ಬರಲಿಲ್ಲವೇ ಎಂದು ಯಾರಾದರೂ ಕೇಳಿದರೆ, ಬಂದಿತ್ತು. ಒಂದು ದಿನಕ್ಕೆ ಏನಾಗುತ್ತದೆ ಅಂದುಕೊಂಡೆ. ಅರವತ್ತು ದಾಟಿದ ಮೇಲೂ ಈ ಮಾತನ್ನು ಬರೆಯಲು ಕೈ ಹಿಂಜರಿಯುತ್ತದೆ.

ಸಂಜೆ ಮನೆಗೆ ಬಂದಾಗ ಹೊರಸು ಖಾಲಿ ಇತ್ತು. ಅಪ್ಪ ನಾಲ್ಕನೆಯ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದ. ತುಟಿ ನೀಲಿಯಾಗಿತ್ತು, ಎದೆ ತಿದಿಯಂತೆ ಏರಿಳಿಯುತ್ತಿತ್ತು. ಚರಗಿ ದೂರಕ್ಕೆ ಉರುಳಿತ್ತು. ನಾನು ಕಂಬಗಳ ಕಡೆ ನೋಡಿದೆ. ಮಲ್ಲಿಗೆಯ ತಟ್ಟು ಇನ್ನೂ ಹಸಿಯಾಗಿತ್ತು. ಎರಡನೆಯದು, ಮೂರನೆಯದು ಕೂಡ. ಹತ್ತು ಹೆಜ್ಜೆ ನಡೆಯಲಾರದವನು ದೋಣಿಗೂ ಕಂಬಕ್ಕೂ ಎಷ್ಟು ಸಲ ತಿರುಗಿದ್ದನೋ. ನಾನು ಯಾವ ಕಂಬದಿಂದ ಶುರುಮಾಡುತ್ತೇನೆಂದು ಹೊರಸಿನ ಮೇಲಿಂದ ದಿನಾ ನೋಡಿದ್ದ, ಅವನೂ ಹಾಗೆಯೇ ಶುರುಮಾಡಿದ್ದ.

"ಅಪ್ಪಾ" ಎಂದೆ.

"ನಾಕನೇದ್ದು... ಉಳೀತು" ಎಂದ, ಒಂದೊಂದು ಮಾತಿಗೂ ಉಸಿರು ಹುಡುಕುತ್ತ. "ತೋಯ್ಸು."

ನಾನು ಚರಗಿ ಎತ್ತಿಕೊಂಡು ಹೋಗಿ ನೀರು ತಂದು, ಅವನ ತಲೆಯ ಮೇಲಿನ ತಟ್ಟಿಗೆ ಸುರಿದೆ. ನೀರು ಇಳಿದು ಅವನ ಅಂಗಿಯ ಬೆನ್ನು ತೋಯಿತು. ಆಮೇಲೆ ಖಾಲಾಳನ್ನು ಕೂಗಿದೆ. ಮೊದಲು ಕೂಗಬೇಕಿತ್ತು.

ಅವ್ವ ಖಣಿಯಿಂದ ಬರುವಷ್ಟರಲ್ಲಿ ಖಾಲಾ ಅವನನ್ನು ಹೊರಸಿಗೆ ಸೇರಿಸಿದ್ದಳು. ಅವ್ವನ ಮೊದಲ ಪ್ರಶ್ನೆ, "ಯಾಕ ಎದ್ದಿದ್ರಿ?" ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಅಪ್ಪ ನನ್ನ ಕಡೆ ನೋಡಲಿಲ್ಲ.

"ನೀರ ಕುಡೀಲಾಕ" ಎಂದ. "ಹುಡುಗಿ ಬಂದು ತಟ್ಟು ತೋಯ್ಸಿ ಹೋಗಿತ್ತು. ಆಮ್ಯಾಲ ನನಗ ನೀರಡಕಿ ಆಯ್ತು."

ಕುಡಿಯುವ ನೀರಿನ ಕೊಡ ಬೇಲಿಯ ನೆರಳಿನಲ್ಲಿ, ನಾಲ್ಕನೆಯ ಕಂಬದ ಆಚೆ ಇರುತ್ತಿತ್ತು. ತಂಪಾಗಿರಲಿ ಎಂದು ಅವ್ವನೇ ದಿನಾ ಅಲ್ಲಿ ಇಟ್ಟು ಹೋಗುತ್ತಿದ್ದಳು. ಅವಳು ಕೊಡವನ್ನು ನೋಡಿದಳು, ಹೊರಸನ್ನು ನೋಡಿದಳು, ನಡುವಿನ ದೂರವನ್ನು ನೋಡಿದಳು. ನನಗೆ ಆ ಹೊತ್ತಿಗೆ ಅನಿಸಿದ್ದು ಒಂದೇ, ನಾನು ಏಟಿನಿಂದ ಉಳಿದುಕೊಂಡೆ ಎಂದು.

ಆ ಉಸಿರು ಮತ್ತೆ ಹದಕ್ಕೆ ಬರಲಿಲ್ಲ. ಟಾಂಗಾದಲ್ಲಿ ದವಾಖಾನೆಗೆ ಒಯ್ದರು, ಮರುದಿನ ಮನೆಗೆ ತಂದರು. ಐದನೆಯ ದಿನ ಮುಂಜಾನೆ, ಅವ್ವ ಅವನ ಹಣೆಯ ಮೇಲೆ ಕೈ ಇಟ್ಟು ಕೂತಿದ್ದಾಗಲೇ ಅಪ್ಪ ಹೋದ. ಮಣ್ಣು ಮಾಡಿ ಬಂದವರು ಅಂಗಳದಲ್ಲಿ ಕೂತರು. ಬಳ್ಳಿ ಹಗ್ಗ ಹಿಡಿದಿತ್ತು. ಆ ನಾಲ್ಕೈದು ದಿನ ತಟ್ಟು ತೋಯಿಸುವುದನ್ನು ನಾನು ಒಂದು ಹೊತ್ತೂ ತಪ್ಪಿಸಿರಲಿಲ್ಲ, ಮಣ್ಣು ಮಾಡಿದ ದಿನವೂ.

ಖಾಲಾ ಹೇಳಿದ ಮಾತು ಸುಳ್ಳಾಗಲಿಲ್ಲ. ಯುಗಾದಿಯ ಹೊತ್ತಿಗೆ ಚಪ್ಪರದ ಕೆಳಗೆ ಕೂತರೆ ಆಕಾಶ ಕಾಣುತ್ತಿರಲಿಲ್ಲ. ಸಂಜೆಗೆ ಬಿಳಿ ಹೂ ಅರಳುತ್ತಿದ್ದವು. ಮಾತಾಡಿಸಲು ಬಂದ ಬೀಗರು ನೆಂಟರೆಲ್ಲ ಆ ನೆರಳಿಗೆ ಬಂದು ಕೂತು, "ಎಂಥಾ ತಂಪು ಮಾಡಿರಿ" ಎಂದು ಹೊಗಳುತ್ತಿದ್ದರು. ಅವ್ವ ತಲೆ ತಗ್ಗಿಸಿ ಚಹಾ ಕೊಡುತ್ತಿದ್ದಳು. ಕಾಯಿ ಬಿಟ್ಟಾಗ ಒಂದನ್ನೂ ಕೊಯ್ಯಲಿಲ್ಲ, ಖಾಲಾ ಕೊಯ್ದು ಹಂಚಿದಳು. ಕಂಬದ ಮೇಲಿನ ಬಳಪದ ಗೀಟುಗಳು ಜೂನಿನ ಮಿರಗದ ಮೊದಲ ಮಳೆಗೆ ತೊಳೆದು ಹೋದವು. ಗೆದ್ದ ಹದಿಮೂರು ಗಜಗಗಳನ್ನು ನಾನು ಖಣಿಯ ನೀರಿಗೆ ಎಸೆದೆ. ಹಾಗೆ ಎಸೆದರೆ ಏನೋ ಸರಿಯಾಗುತ್ತದೆ ಅಂದುಕೊಂಡಿದ್ದೆ, ಏನೂ ಆಗಲಿಲ್ಲ.

ಸರಿಯಾಗದೆ ಉಳಿದದ್ದು ಅವ್ವ. ಅಪ್ಪ ನನ್ನನ್ನು ಉಳಿಸಲು ಆಡಿದ ಸುಳ್ಳು ನೇರವಾಗಿ ಅವಳ ತಲೆಯ ಮೇಲೆ ಬಿತ್ತು. "ನಾ ಆ ಕೊಡ ಹೊರಸಿನ ಬಲ್ಲಿ ಇಟ್ಟಿದ್ರ ಅವ್ರು ಏಳ್ತಿದ್ದಿಲ್ಲ" ಎಂದು ಖಾಲಾಳ ಮುಂದೆ ಅಂದಳು, ತವರಿನವರ ಮುಂದೆ ಅಂದಳು, ಯಾರೂ ಇಲ್ಲದಾಗ ಒಲೆಯ ಮುಂದೆ ಅಂದಳು. ಯಾರ ಮನೆಗೆ ಹೋದರೂ ಮಲಗಿದವರ ತಲೆದೆಸೆಗೆ ತಾನೇ ಎದ್ದು ಹೋಗಿ ಚರಗಿಯಲ್ಲಿ ನೀರಿಡುತ್ತಿದ್ದಳು. ಜನ ಅದನ್ನು ಅವಳ ಒಳ್ಳೆಯತನ ಎಂದರು. ನಾನು ಹೇಳಬಹುದಿತ್ತು. ಹತ್ತು ವರ್ಷದವಳಿದ್ದಾಗ ಏಟಿಗೆ ಹೆದರಿದೆ, ದೊಡ್ಡವಳಾದ ಮೇಲೆ ಅವಳ ಮುಖಕ್ಕೆ ಹೆದರಿದೆ. ಮೂರನೆಯ ವರ್ಷ ಮಲ್ಲಿಗೆ ಹೂ ಬಿಟ್ಟಿತು. ನಾನು ಒಂದನ್ನೂ ಮುಡಿಯಲಿಲ್ಲ.

ಈಗ ವಾಡಿ ಊರಿನಲ್ಲಿ ನನ್ನ ಮನೆಗೆ ಟೈಲ್ಸ್ ನೆಲ. ಗೇಟಿನ ಕಮಾನಿನ ಮೇಲೆ ನರ್ಸರಿಯಿಂದ ತಂದ ಯಾವುದೋ ಬಳ್ಳಿ ಇದೆ, ಅದರ ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಅದನ್ನು ಆರಿಸಲು ಯಾರೂ ಒಂದು ಸಂಜೆ ಕೂತು ವಾದ ಮಾಡಲಿಲ್ಲ. ಅದರ ಕೆಳಗೆ ಯಾರೂ ಕೂರುವುದೂ ಇಲ್ಲ. ಕಬ್ಬಿಣದ ಕಮಾನು ಕಾಯುತ್ತದೆಂದು ಬೇಸಿಗೆಯಲ್ಲಿ ನಾನು ಅದಕ್ಕೆ ಗೋಣಿತಟ್ಟು ಸುತ್ತಿ ಮಧ್ಯಾಹ್ನ ನೀರು ಹಾಕುತ್ತೇನೆ. ಸೊಸೆ ನಗುತ್ತಾಳೆ, ನಗಲಿ.

ಅವ್ವ ಕೊನೆಯ ದಿನಗಳಲ್ಲಿ ಇದೇ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ನಾನು ಅವಳ ತಲೆದೆಸೆಗೆ ಚರಗಿ ಇಟ್ಟೆ. ಕಣ್ಣು ಕಾಣುತ್ತಿರಲಿಲ್ಲ, ಕೈ ಚಾಚಿ ತಡವಿ ನೋಡಿದಳು.

"ಸನೇ ಇಟ್ಟಿದಿ, ಛಲೋ ಮಾಡ್ದಿ" ಎಂದಳು. "ನಾ ಆವತ್ತು ಹಿಂಗ ಇಟ್ಟಿದ್ರ..."

"ಅವ್ವಾ, ಆವತ್ತು ಅಪ್ಪ..." ಎಂದೆ.

"ಏನವ್ವಾ?"

ಅವಳು ಮುಖ ನನ್ನ ಕಡೆ ತಿರುಗಿಸಿ ಕಾದಳು. ಗೋಡೆಗೆ ಅಂಟಿಕೊಂಡು ನಿಂತ ಹತ್ತು ವರ್ಷದ ಹುಡುಗಿ ನನ್ನ ಬಾಯಿ ಮುಚ್ಚಿದಳು.

"ಏನಿಲ್ಲ. ನೀರ ಕುಡೀತಿ?"

ಅವಳು ಎರಡು ಗುಟುಕು ಕುಡಿದು, ಚರಗಿಯನ್ನು ತಾನೇ ತಡವಿ, ಇನ್ನೂ ಸ್ವಲ್ಪ ಹತ್ತಿರಕ್ಕೆ ಎಳೆದುಕೊಂಡಳು.