ಚುಂಬಕದ ಉಸಿರು ಕಾಯುವ ಉತ್ತಮ

ಬೆಳಗಿನ ಆರು ಗಂಟೆ. ಹುಮನಾಬಾದಿನ ಕೈಗಾರಿಕಾ ಪ್ರದೇಶದ ಔಷಧ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಉತ್ತಮ ಅವರು ಅಲ್ಯೂಮಿನಿಯಂ ಏಣಿ ಹತ್ತಿ ನಿಂತಿದ್ದಾರೆ. ಎದುರಿಗೆ ಆಳೆತ್ತರ ಮೀರಿದ ಲೋಹದ ಹಂಡೆ. ಪಕ್ಕದ ಪೀಪಾಯಿಯಿಂದ ದ್ರವ ಸಾರಜನಕ ಕೊಳವೆಯಲ್ಲಿ ಹರಿದು ಹಂಡೆ ಸೇರುತ್ತಿದೆ. ಕೊಳವೆಯ ಮೈಗೆ ಹಿಮ ಕಟ್ಟಿದೆ, ಬಿಳಿ ಹೊಗೆ ನೆಲಕ್ಕಿಳಿದು ನಮ್ಮ ಪಾದಗಳನ್ನು ಮುಚ್ಚುತ್ತಿದೆ.

ಒಳಗೆ ಬಿಡುವ ಮೊದಲೇ ಅವರು ನನ್ನ ಬೆಲ್ಟು, ಕೀಲಿಕೈ, ಮೊಬೈಲು ಎಲ್ಲವನ್ನೂ ಹೊರಗಿಡಿಸಿದ್ದಾರೆ. "ಕಬ್ಬಿಣ ಕಂಡ್ರ ಇದು ಬಿಡಂಗಿಲ್ರಿ. ಒಬ್ಬ ಸಾಹೇಬ್ರ ಪೆನ್ನು ಕಿಸೆದಾಗಿಂದ ಹಾರಿ ಹೋಗಿ ಕಚ್ಕೊಂಡಿತ್ತು" ಎನ್ನುತ್ತಾರೆ. ಜಾರುವ ಪ್ಯಾಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಸಂದರ್ಶನ ಮಾಡಿದ ಮೊದಲ ಪತ್ರಕರ್ತ ನಾನೇ ಇರಬೇಕು.

ಇದು ಎನ್‌ಎಂಆರ್ ಯಂತ್ರ. ಔಷಧದೊಳಗಿನ ಅಣುಗಳು ಹೇಗೆ ಜೋಡಿಸಿಕೊಂಡಿವೆ ಎಂದು ಹೇಳುವುದು ಇದರ ಕೆಲಸ. ಪೆನ್ಸಿಲ್ಲಿಗಿಂತ ತೆಳ್ಳಗಿನ ಗಾಜಿನ ನಳಿಕೆಯಲ್ಲಿ ಮಾದರಿ ತುಂಬಿ ಹಂಡೆಯ ನಡುವಿನ ತೂತಿಗೆ ಇಳಿಸುತ್ತಾರೆ. ಕೆಳಗಿನಿಂದ ತೂರಿಸಿದ ಪ್ರೋಬ್ ಎಂಬ ಸಾಧನ ಅದಕ್ಕೆ ರೇಡಿಯೊ ತರಂಗ ಕಳಿಸಿ, ಅಣುಗಳು ಕೊಡುವ ಮರುದನಿಯನ್ನು ಹಿಡಿಯುತ್ತದೆ. ಕಪಾಟಿನಂಥ ಎಲೆಕ್ಟ್ರಾನಿಕ್ ಪೆಟ್ಟಿಗೆಯೊಂದು ಆ ದನಿಯನ್ನು ಕಂಪ್ಯೂಟರಿಗೆ ದಾಟಿಸುತ್ತದೆ. ದಿನಕ್ಕೆ ನಲವತ್ತು ಮಾದರಿಗಳು ಹೀಗೆ ಬಾಯಿ ಬಿಡುತ್ತವೆ.

ಹಂಡೆಯ ಹೊಟ್ಟೆಯಲ್ಲಿರುವುದೇ ಚುಂಬಕ, ಅಂದರೆ ಹಲವು ಕಿಲೋಮೀಟರ್ ಉದ್ದದ ತಂತಿಯ ಸುರುಳಿ. ಸೊನ್ನೆಗಿಂತ ೨೬೯ ಡಿಗ್ರಿ ಕೆಳಗಿನ ದ್ರವ ಹೀಲಿಯಂನಲ್ಲಿ ಅದು ಮುಳುಗಿದೆ. ಅದರ ಹೊರಗಿನ ಸುತ್ತಿನಲ್ಲಿ ದ್ರವ ಸಾರಜನಕದ ಕಾವಲು. ಆ ಥಂಡಿಯಲ್ಲಿ ವಿದ್ಯುತ್ತಿಗೆ ತಡೆಯೆಂಬುದೇ ಇಲ್ಲ. ಹದಿನಾಲ್ಕು ವರ್ಷಗಳ ಹಿಂದೆ ಒಮ್ಮೆ ಹರಿಸಿದ ಕರೆಂಟು, ಆಮೇಲೆ ಯಾರೂ ಒಂದಿಷ್ಟೂ ಸೇರಿಸದಿದ್ದರೂ, ಈ ಕ್ಷಣಕ್ಕೂ ಸುತ್ತುತ್ತಲೇ ಇದೆ!

ಆದರೆ ಥಂಡಿ ಒಮ್ಮೆ ತಪ್ಪಿದರೆ ಮುಗಿಯಿತು. ಹೀಲಿಯಂ ಗಳಿಗೆಯೊಳಗೆ ಕುದಿದು ಹಾರಿಹೋಗುತ್ತದೆ, ಸುರುಳಿ ಸುಟ್ಟರೂ ಸುಡಬಹುದು, ಯಂತ್ರ ತಿಂಗಳುಗಟ್ಟಲೆ ಮಲಗುತ್ತದೆ. ಅದನ್ನು ತಪ್ಪಿಸುವ ಕೆಲಸ ನಲವತ್ತೇಳರ ಉತ್ತಮ ಅವರದು.

ಹತ್ತಿರದ ಹುಡಗಿ ಎಂಬ ಊರಿನ ಕೂಲಿಕಾರ ಮನೆತನದ ಉತ್ತಮ ಓದಿದ್ದು ಏಳನೆಯ ತರಗತಿ. ಲಾರಿಯಿಂದ ಈ ಯಂತ್ರ ಇಳಿಸಲು ಹಮಾಲರಾಗಿ ಬಂದವರು. ಯಂತ್ರ ಕೂರಿಸಲು ಬಂದ ಎಂಜಿನಿಯರು ಇವರ ಕೈ ನಡುಗದಿದ್ದುದನ್ನು ನೋಡಿ ಇಲ್ಲೇ ಇರಿಸಿಕೊಳ್ಳಲು ಹೇಳಿದರಂತೆ. ವಾರಕ್ಕೊಮ್ಮೆ ಸಾರಜನಕ, ಐದು ತಿಂಗಳಿಗೊಮ್ಮೆ ಹೀಲಿಯಂ. ಎಡ ಮುಂಗೈ ಮೇಲೆ ಬೆಂಕಿ ಸುಟ್ಟಂಥ ಕಲೆಯಿದೆ, ಸುಟ್ಟಿದ್ದು ಥಂಡಿ. ಹದಿನಾಲ್ಕು ವರ್ಷವಾದರೂ ನೌಕರಿ ಮಾತ್ರ ಗುತ್ತಿಗೆಯದೇ. ನನಗೆ ಸಿಟ್ಟು ಬಂತು, ಅವರಿಗೆ ಬಂದಂತೆ ಕಾಣಲಿಲ್ಲ.

ಮೊನ್ನೆಯ ದಸರೆಯಲ್ಲಿ ಈ ಚುಂಬಕ ಸಾವಿನ ಬಾಗಿಲಿಗೆ ಹೋಗಿ ಬಂದಿತು. ಬೌದ್ಧರು ದಸರೆಯಂದೇ ಆಚರಿಸುವ ಧಮ್ಮಚಕ್ರ ದಿನಕ್ಕೆಂದು ಉತ್ತಮ ರಜೆ ಹಾಕಿ, ಹೆಂಡತಿ ವಿಶಾಖಾರ ತವರು ಬಸವಕಲ್ಯಾಣಕ್ಕೆ ಹೋಗಿದ್ದರು. ಇತ್ತ ಕಾರ್ಖಾನೆಯಲ್ಲಿ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಎಲ್ಲ ಯಂತ್ರಗಳಿಗೂ ಚೆಂಡುಹೂವಿನ ಹಾರ ಹಾಕಿದ ಸ್ಟೋರಿನ ವೀರಭದ್ರ ಇದನ್ನೂ ಬಿಡಲಿಲ್ಲ. "ಇದಕ್ಕೊಂದ ಬಿಟ್ರ ಹ್ಯಾಂಗ್ರಿ? ಕಬ್ಬಿಣ ಬ್ಯಾಡಂತ ಗಂಟಿ, ದೀಪ ಹೊರಗಿಟ್ಟೆ. ತಂತಿ ಬಿಟ್ಟು ಸಣಬಿನ ದಾರದಾಗ ಹೂವ ಪೋಣಿಸಿದ್ದೆ" ಎಂದು ಅವರು ಈಗ ತಲೆ ತಗ್ಗಿಸುತ್ತಾರೆ. ಹಾರ ಜಾರದಿರಲೆಂದು ಅದನ್ನು ಹಂಡೆಯ ತಲೆಯ ಮೇಲಿನ ರಬ್ಬರ್ ಕೊಳವೆಗೆ ಬಿಗಿದು ಕಟ್ಟಿದ್ದರು. ಆವಿಯಾದ ಹೀಲಿಯಂ ಹೊರಬರುವುದು ಆ ಕೊಳವೆಯಿಂದಲೇ.

ಎರಡು ದಿನ ಬಿಟ್ಟು ನಸುಕಿನಲ್ಲಿ ಬಂದ ಉತ್ತಮ ಮೊದಲು ನೋಡಿದ್ದು ಗೋಡೆಯ ಮೇಲಿನ ಗಾಜಿನ ಅಳತೆ ಕೊಳವೆಯನ್ನು. ಅನಿಲ ಹರಿಯುವಾಗ ತೇಲಬೇಕಾದ ಗುಂಡು ತಳದಲ್ಲಿ ಬಿದ್ದಿತ್ತು. "ಉಸಿರಽ ಇಲ್ರಿ! ಒಳಗ ಒತ್ತಡ ಏರಾಕತ್ತೈತಿ ಅಂತ ತಿಳೀತು." ಕತ್ತರಿ ತರುವಂತಿಲ್ಲ, ಚುಂಬಕ ಕಸಿದುಕೊಳ್ಳುತ್ತದೆ. ಹೂವಿನ ನೀರು ಕುಡಿದು ಒಣಗಿದ ಸಣಬಿನ ಗಂಟು ಉಗುರಿಗೆ ಬಗ್ಗಲಿಲ್ಲ. ಏಣಿಯ ತುದಿಯಲ್ಲಿ ನಿಂತು ಹಲ್ಲಿನಿಂದ ಕಚ್ಚಿ ಬಿಚ್ಚಿದರು. ತುಟಿ ಹರಿಯಿತು. ಒಂದೇ ಸಲ ಬಿಟ್ಟರೆ ಅನಿಲ ನುಗ್ಗೀತೆಂದು ಕೊಳವೆಯನ್ನು ಬೆರಳಲ್ಲಿ ಅದುಮಿ, ತುಸುತುಸುವೇ ಸಡಿಲಿಸಿದರು. ಅರ್ಧ ಗಂಟೆಯ ಮೇಲೆ ಗುಂಡು ತನ್ನ ಎಂದಿನ ಗೆರೆಗೆ ಬಂದು ತೇಲಿತು.

"ನಾವೆಲ್ಲ ಪಿಎಚ್‌ಡಿ ಮಾಡಿದವರು. ಪರದೆ ನೋಡ್ತೀವಿ, ಗುಂಡು ನೋಡೋದಿಲ್ಲ" ಎಂದು ಪ್ರಯೋಗಾಲಯದ ಮುಖ್ಯಸ್ಥೆ ವಿಜಯಶ್ರೀ ಮನಸ್ಸು ಬಿಚ್ಚಿ ಒಪ್ಪಿಕೊಳ್ಳುತ್ತಾರೆ. ಯಂತ್ರದ ದಿನಚರಿ ಪುಸ್ತಕದಲ್ಲಿ ಅಂದು ಉತ್ತಮ ಬರೆದದ್ದು ಇಷ್ಟೇ: 'ಕೊಳವೆ ಬಿಗಿದಿತ್ತು. ಬಿಚ್ಚಿದೆ.' ಯಾರು ಕಟ್ಟಿದ್ದರೆಂದು ಬರೆದಿಲ್ಲ. ವಿಜಯಶ್ರೀ ಅವರಿಗೆ ಅದು ಗೊತ್ತಾದದ್ದು ವೀರಭದ್ರ ತಾವೇ ಬಂದು ಹೇಳಿಕೊಂಡಾಗ.

ಸಾರಜನಕ ತುಂಬಿತು. ಉತ್ತಮ ಕೈಗವಸು ಕಳಚಿ ಏಣಿ ಇಳಿಯುತ್ತಾರೆ. ಇಷ್ಟು ವರ್ಷದಲ್ಲಿ ಏನು ಗಳಿಸಿದಿರಿ ಎಂದು ಕೇಳಿದ್ದಕ್ಕೆ ಹಂಡೆಯ ಕಡೆ ನೋಡಿ ಹೇಳುತ್ತಾರೆ: "ನನ್ನ ಕೈಯಾಗ ಇದು ಒಂದಿನಾನೂ ಬೆಚ್ಚಗಾಗಿಲ್ರಿ."