ಟಗರಿನ ಎತ್ತರ

ನಮ್ಮ ತಂಡದ ಗೆಳೆಯ ಊರಿನ ಸಭೆಯಲ್ಲಿ ಮಾತಾಡುತ್ತಿದ್ದಾಗಲೇ ಐದಾರು ಕುರಿಗಳು ಬಂದು, ಜನರಿಗೆ ತೋರಿಸಲು ನಿಲ್ಲಿಸಿದ್ದ ಸೋಲಾರ್ ಫಲಕದ ಕೆಳಗೆ ಮಲಗಿಬಿಟ್ಟವು. ಔರಾದ್ ಕಡೆಯ ಆ ಗೋಮಾಳದಲ್ಲಿ ಬೇರೆ ನೆರಳಿರಲಿಲ್ಲ. ಮಳೆ ಕೈಕೊಟ್ಟ ವರ್ಷ. ಅರ್ಧ ಊರು ಹೈದರಾಬಾದಿಗೆ ದುಡಿಯಲು ಹೋಗಿತ್ತು. ಉಳಿದವರ ಒಪ್ಪಿಗೆ ಪಡೆದು, ಅದೇ ಗೋಮಾಳದಲ್ಲಿ ಊರಿನದೇ ಸೋಲಾರ್ ಘಟಕ ಹಾಕಿಸಬೇಕೆಂದು ನಾವು ಬೀದರಿನಿಂದ ಹೋಗಿದ್ದೆವು.

ನಾನು ಕುರಿಗಳನ್ನು ಎಬ್ಬಿಸಲು ಹೋದೆ. ಅವುಗಳ ಒಡತಿ ಕಾಶಮ್ಮ ಕೂತಲ್ಲಿಂದಲೇ ತಡೆದರು.

“ಇರ್ಲಿ ಬಿಡ್ರಿ ಸರ, ನಿಮ್ಮ ಭಾಷಣ ಅವೇ ಛಲೋ ಕೇಳಲತ್ತಾವ.”

ಎಲ್ಲರೂ ನಕ್ಕರು. ಅವರು ನಗಲಿಲ್ಲ. “ನಾಳಿ ಸುತ್ತ ಬೇಲಿ ಹಾಕ್ತೀರಿ. ಆಗ ಇವನ್ನ ಮಾರಿ ನಾನೂ ಗಂಡನ ಹಿಂದ ಹೈದರಾಬಾದಿಗಿ ಹೋಗಬೇಕೇನ್ರಿ?”

ಅವರು ಎದ್ದು, ದೊಡ್ಡ ಟಗರೊಂದನ್ನು ಎಳೆತಂದು ಫಲಕದಡಿ ನುಗ್ಗಿಸಿದರು. ಕೊಂಬು ಚೌಕಟ್ಟಿಗೆ ಬಡಿಯಿತು.

“ಇದು ಕೆಳಗ ಹಾದು ಹೋಗುವಷ್ಟು ಎತ್ತರ ಮಾಡ್ರಿ. ಬೇಲಿಗಿ ಗೇಟು ಇಡ್ರಿ. ಆಗ ಕೈ ಎತ್ತತೇನಿ.”

ನಮ್ಮ ನಕ್ಷೆಯಲ್ಲೂ ಫಲಕಗಳಿಗೆ ಹೀಗೆ ಕೊಂಬು ಬಡಿಯುವಷ್ಟೇ ಎತ್ತರವಿತ್ತು. ಅಂದು ಯಾರಿಗೂ ಕೈ ಎತ್ತಲು ಹೇಳದೆ ನಕ್ಷೆ ಮಡಚಿಕೊಂಡು ಬಂದೆವು.

ಇದೆಲ್ಲ ಇಷ್ಟು ಒಪ್ಪವಾಗಿ ನಡೆಯಿತೇ ಎಂದು ಈಗ ಅನುಮಾನ. ಟಗರನ್ನು ಎಳೆದದ್ದು ಅವರೋ, ಅವರ ಮೈದುನನೋ ಖಚಿತವಿಲ್ಲ. ಕೊಂಬು ಬಡಿದ ಸದ್ದು ಮಾತ್ರ ಕಿವಿಯಲ್ಲಿದೆ. ಎತ್ತರಿಸಿದ ನಕ್ಷೆ ಹಿಡಿದು ಮತ್ತೆ ಹೋದಾಗ ಕಾಶಮ್ಮ ಕೈ ಎತ್ತಿದರು, ಭುಜದವರೆಗೆ. “ಉಳಿದದ್ದು ಗೇಟು ನೋಡಿದ ಮ್ಯಾಲ್ರಿ” ಎಂದರು.